ಬಟ್ಟೆಯ ಒಳಮಗ್ಗುಲು

ಒಂದು ವಿದ್ಯೆಯನ್ನು ತಾನು ಕಲಿಯದವನು ಆ ವಿದ್ಯೆಯಲ್ಲಿ ಇನ್ನೊಬ್ಬರ ಯೋಗ್ಯತೆಯನ್ನು ಅಳೆಯಬಹುದೆ? ಸಂಗೀತ ಬಾರದವನು ಕಚೇರಿಯಲ್ಲಿ ಕುಳಿತು ತಲೆದೂಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ತಲೆದೂಗಿದ್ದು ತಪ್ಪಾದ ಕಡೆಯಾದರೂ ಹಾಡುವವರಿಗೆ ನಷ್ಟವಿಲ್ಲ. ಆದರೆ ಅದೇ ಮನುಷ್ಯ ಸಂಗೀತ ಶಾಲೆಗೆ ಉಪಾಧ್ಯಾಯರನ್ನು ಆರಿಸಲು ಕುಳಿತನೆಂದರೆ ಮಾತು ಬೇರೆಯಾಗುತ್ತದೆ. ಅವನ ಅಜ್ಞಾನಕ್ಕೆ ದಂಡ ತೆರುವವರು ಬೇರೆಯವರು. ಇಂಥ ಕೆಲಸಕ್ಕೆ ನಾನೂ ಒಮ್ಮೆ ಕುಳಿತಿದ್ದೇನೆ. ನನ್ನ ಪಾಲಿಗೆ ಬಂದದ್ದು ಸಂಗೀತವಲ್ಲ, ಹೊಲಿಗೆ.

ಹಳೆಯ ಮಿತ್ರರೊಬ್ಬರ ಮಗಳು ಬೆಂಗಳೂರಿನಲ್ಲಿ ಮದುವೆಯ ಉಡುಪುಗಳನ್ನು ಹೊಲಿಸಿ ಮಾರುವ ಅಂಗಡಿ ಇಟ್ಟಿದ್ದಾಳೆ. ಹತ್ತು ಹನ್ನೆರಡು ಮಂದಿ ಕೆಲಸಗಾರರು, ಅವರ ಮೇಲೆ ಒಬ್ಬ ಕಟಿಂಗ್ ಮಾಸ್ಟರು. ವ್ಯಾಪಾರ ಬೆಳೆದು, ಹೊಸ ಮಾದರಿಗಳನ್ನು ಕಲ್ಪಿಸುವ ಡಿಸೈನರ್ ಒಬ್ಬರು ಬೇಕಾಯಿತು. “ಮಾಮ, ನೀವೂ ಬಂದು ಕೂತ್ಕೊಳ್ಳಿ. ಕಲೆಯ ಮೇಲೆಲ್ಲ ಬರೀತೀರಲ್ಲ” ಎಂದಳು. ಕರೆದದ್ದಕ್ಕೆ ಹಿಗ್ಗಿ ಹೋದೆ. ಅವಳು ಕೊಟ್ಟಿದ್ದ ಜಾಹೀರಾತಿನಲ್ಲಿ ‘ಓತ್ ಕುತ್ಯೂರ್ ಕೌಶಲ್ಯ ಉಳ್ಳವರಿಗೆ ಆದ್ಯತೆ’ ಎಂದಿತ್ತು. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಅದನ್ನು ‘ಹಾಟ್ ಕೌಚರ್’ ಎಂದು ಓದುವವರೇ ನಮ್ಮಲ್ಲಿ ಹೆಚ್ಚು. ನಾನೂ ಹಾಗೆಯೇ ಓದಿ, ಬಿಸಿ ಇಸ್ತ್ರಿಗೆ ಸಂಬಂಧಪಟ್ಟದ್ದೇನೋ ಎಂದುಕೊಂಡಿದ್ದೆ. ಫ್ರೆಂಚಿನಲ್ಲಿ ‘ಓತ್’ ಎಂದರೆ ಎತ್ತರದ್ದು, ‘ಕುತ್ಯೂರ್’ ಎಂದರೆ ಹೊಲಿಗೆ. ಅರ್ಥ ಇಷ್ಟೇ. ಚಿತ್ರ, ಕಲ್ಪನೆ, ಫ್ಯಾಷನ್ನು ಯಾವುದೂ ಆ ಮಾತಿನೊಳಗೆ ಇಲ್ಲ. ಇದನ್ನು ನಾನು ತಿಳಿದುಕೊಂಡದ್ದು, ಹೇಳಲು ನಾಚಿಕೆಯಾಗುತ್ತದೆ, ಆರಿಸುವ ಕೆಲಸ ಮುಗಿದು ಬಹಳ ದಿನಗಳ ಮೇಲೆ.

ಕೊನೆಗೆ ಉಳಿದವರು ಇಬ್ಬರು. ಒಬ್ಬ ತರುಣ, ಒಳ್ಳೆಯ ಮಾತುಗಾರ. ಅವನು ತಂದಿದ್ದ ಚಿತ್ರಗಳ ಕಟ್ಟನ್ನು ಬಿಚ್ಚಿದಾಗ ಮೇಜಿನ ಮೇಲೆ ವಸಂತ ಬಂದಂತಾಯಿತು. ಒಂದೇ ಗೀಟಿನಲ್ಲಿ ಸೊಂಟ, ಇನ್ನೊಂದು ಗೀಟಿನಲ್ಲಿ ನೆಲಕ್ಕೆ ಬಿದ್ದು ಹರಡಿದ ನೆರಿಗೆ. ಇನ್ನೊಬ್ಬಾಕೆ ಸುಮಾರು ಮೂವತ್ತರ ಹೆಣ್ಣುಮಗಳು. ಆಕೆಯ ಚಿತ್ರಗಳು ಶಾಲೆಯ ಮಕ್ಕಳು ಬರೆದಂತಿದ್ದವು. ಜೊತೆಗೆ ಚೀಲದಲ್ಲಿ ಕೋರಾ ಬಟ್ಟೆಯಲ್ಲಿ ತಾನೇ ಹೊಲಿದಿದ್ದ ಒಂದು ಜಾಕೀಟನ್ನು ತಂದಿದ್ದಳು. ಬಣ್ಣವಿಲ್ಲ, ಗುಂಡಿಯೂ ಇಲ್ಲ. ನಾವು ಅದನ್ನು ಕೈಗೆ ತೆಗೆದುಕೊಂಡು, ಏನು ನೋಡಬೇಕೆಂದು ತಿಳಿಯದೆ, “ಚೆನ್ನಾಗಿದೆ” ಎಂದು ಕೆಳಗಿಟ್ಟೆವು. ಆ ಹೊತ್ತಿಗೆ ಯಾವುದೋ ದಾರದ ವಿಚಾರ ಕೇಳಲು ಮಾಸ್ಟರು ಒಳಕ್ಕೆ ಬಂದರು. ಜಾಕೀಟು ಕಣ್ಣಿಗೆ ಬಿತ್ತು. ಎತ್ತಿಕೊಂಡು ಒಳಮಗ್ಗುಲನ್ನು ಹೊರಕ್ಕೆ ತಿರುಗಿಸಿದರು. ಹೆಗಲಿನೊಳಗೆ ಮುಷ್ಟಿ ತೂರಿಸಿ ತೋಳನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಮುಂದಕ್ಕೆ ಎಳೆದು ನೋಡಿದರು. ಆಮೇಲೆ ಅದನ್ನು ಮಡಿಸಿ, ನಾವು ಇಟ್ಟಿದ್ದಕ್ಕಿಂತ ಸ್ವಲ್ಪ ಮೆತ್ತಗೆ ಇಟ್ಟು, ಹೊರಟುಹೋದರು. ನಾವು ಅವರನ್ನು ಏನೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಕೆಲಸ ತರುಣನಿಗಾಯಿತು, ನಾನು ಒತ್ತಿ ಹೇಳಿದ್ದರಿಂದಲೇ ಆಯಿತು.

ಅದಾದ ಮೇಲೆ ಆ ಪ್ಯಾರಿಸಿನ ವಿದ್ಯೆ ಎಂಥದೆಂದು ಓದಿ ತಿಳಿಯಲು ತೊಡಗಿದೆ. ಉಂಡ ಮೇಲೆ ಎಲೆ ಹುಡುಕಿದಂತಾಯಿತು ನನ್ನ ಕಥೆ.

ಆ ಉದ್ಯಮಕ್ಕೆ ಬುನಾದಿ ಹಾಕಿದವನು ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷಿನವನು. ಲಂಡನ್ನಿನ ಜವಳಿ ಅಂಗಡಿಗಳಲ್ಲಿ ದುಡಿದು, ಪ್ಯಾರಿಸಿಗೆ ಹೋಗಿ, 1858ರಲ್ಲಿ ಪಾಲುದಾರನೊಬ್ಬನೊಡನೆ ಅಲ್ಲಿ ಅಂಗಡಿ ತೆರೆದ. ಅದುವರೆಗೆ ಗಿರಾಕಿ ಹೇಳಿದಂತೆ ಹೊಲಿದು ಕೊಡುವುದು ದರ್ಜಿಯ ಧರ್ಮವಾಗಿತ್ತು. ವರ್ತ್ ತಾನೇ ಉಡುಪುಗಳನ್ನು ಕಲ್ಪಿಸಿ, ಹೆಣ್ಣುಮಕ್ಕಳಿಗೆ ತೊಡಿಸಿ ತೋರಿಸಿ, ಇವುಗಳಲ್ಲಿ ಆರಿಸಿಕೊಳ್ಳಿ ಎಂದ. ಚಿತ್ರಕಾರನು ಚಿತ್ರದ ಮೂಲೆಯಲ್ಲಿ ರುಜು ಹಾಕುವಂತೆ ಉಡುಪಿನೊಳಗೆ ತನ್ನ ಹೆಸರಿನ ಪಟ್ಟಿಯನ್ನು ಹೊಲಿಸಿದ. ಹೊಲಿದವಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ, ಇಂದಿಗೂ ಇಲ್ಲ. ನಮ್ಮ ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರನ್ನು ಸೂಜಿಕಾಯಕದ ರಾಮಿತಂದೆ ಎಂದೇ ಕರೆಯುತ್ತಾರೆ. ಸೂಜಿಯನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವುದು ಅಲ್ಲಿ ಗೌರವವಾಗಿತ್ತು. ಇರಲಿ.

1945ರಲ್ಲಿ ಫ್ರಾನ್ಸಿನ ಸರಕಾರ ‘ಓತ್ ಕುತ್ಯೂರ್’ ಎಂಬ ಹೆಸರನ್ನೇ ಕಾನೂನಿನ ರಕ್ಷಣೆಗೆ ಒಳಪಡಿಸಿತು. ಕಂಡವರೆಲ್ಲ ಆ ಹೆಸರನ್ನು ಹಾಕಿಕೊಳ್ಳುವ ಹಾಗಿಲ್ಲ. ಉಡುಪನ್ನು ಗಿರಾಕಿಯ ಮೈಯಳತೆಗೆ ಹೊಲಿಯಬೇಕು, ಟ್ರಯಲ್ ನೋಡಬೇಕು, ಪ್ಯಾರಿಸಿನಲ್ಲಿ ಸ್ವಂತ ಕಾರ್ಯಾಗಾರವಿರಬೇಕು, ಅದರಲ್ಲಿ ಗೊತ್ತಾದಷ್ಟು ಕೆಲಸಗಾರರು ಪೂರ್ತಿ ಹೊತ್ತು ದುಡಿಯಬೇಕು, ವರ್ಷಕ್ಕೆರಡು ಬಾರಿ ಜನವರಿ ಜುಲೈಗಳಲ್ಲಿ ಹೊಸ ಉಡುಪುಗಳನ್ನು ತೋರಿಸಬೇಕು. ನಿಯಮಗಳು ಕೈಗಳನ್ನು ಎಣಿಸುತ್ತವೆ. ಆ ಕೈಗಳ ಮೇಲೆ ಕುಳಿತಿರುವ ತಲೆಗೆ ಏನು ಗೊತ್ತಿರಬೇಕೆಂದು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ಕೆಲಸಕ್ಕೆ ತೆಗೆದುಕೊಳ್ಳುವವರು.

ಅಲ್ಲಿಯ ಕಾರ್ಯಾಗಾರಗಳಲ್ಲಿ ಎರಡು ಬಗೆ. ಕೋಟು ಜಾಕೀಟುಗಳ ಬಿಗಿ ಹೊಲಿಗೆಯದೊಂದು, ಮೈಮೇಲೆ ಇಳಿಬೀಳುವ ಮೆದು ಬಟ್ಟೆಗಳದೊಂದು. ಒಂದರಲ್ಲಿ ಪಳಗಿದವರಿಗೆ ಇನ್ನೊಂದು ಬರುತ್ತದೆಂಬ ಭರವಸೆಯಿಲ್ಲ. ಪ್ರತಿಯೊಂದಕ್ಕೂ ಒಬ್ಬ ಮುಖ್ಯಸ್ಥೆ ಅಥವಾ ಮುಖ್ಯಸ್ಥ ಇರುತ್ತಾರೆ. ಅವರ ಕೈಕೆಳಗಿನ ಹೊಲಿಗೆಯವರಿಗೆ ಫ್ರೆಂಚರು ಇಟ್ಟಿರುವ ಹೆಸರು ‘ಪುಟ್ಟ ಕೈಗಳು’ ಎಂದು. ಚಿತ್ರ ಮೊದಲು ಬರುವುದು ಮುಖ್ಯಸ್ಥೆಯ ಕೈಗೆ. ಆಕೆ ಅದನ್ನು ಓದಿ, ಕೋರಾ ಬಟ್ಟೆಯಲ್ಲಿ ಒಂದು ಕರಡು ಉಡುಪನ್ನು ಮಾಡುತ್ತಾಳೆ. ಅದನ್ನು ಮೈಮೇಲೆ ಹಾಕಿ ನೋಡಿ, ಗುಂಡುಸೂಜಿ ಚುಚ್ಚಿ, ಬಿಚ್ಚಿ, ತಿದ್ದಿ, ಆಮೇಲಷ್ಟೆ ನಿಜವಾದ ಬಟ್ಟೆಗೆ ಕತ್ತರಿ. ಒಂದು ಉಡುಪಿಗೆ ನೂರಾರು ಗಂಟೆ ಹಿಡಿಯುವುದು ಅಲ್ಲಿ ದೊಡ್ಡ ಸಂಗತಿಯಲ್ಲ. ನಮ್ಮ ಮೇಜಿನ ಮೇಲೆ ಆ ಹೆಣ್ಣುಮಗಳು ಇಟ್ಟಿದ್ದ ಬಣ್ಣವಿಲ್ಲದ ಜಾಕೀಟು ಅಂಥ ಕರಡು. ಕವಿಯ ಕರಡು ಪ್ರತಿಯಾಗಿದ್ದರೆ ನಾನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

ಮಾಸ್ಟರು ತೋಳನ್ನೇ ಏಕೆ ಎಳೆದು ನೋಡಿದರೆಂಬುದೂ ಆಮೇಲೆ ತಿಳಿಯಿತು. ಉಡುಪಿನಲ್ಲಿ ತೋಳು ಕೂಡಿಸುವುದಷ್ಟು ಕಷ್ಟವಾದದ್ದು ಇನ್ನೊಂದಿಲ್ಲ. ತೋಳಿನ ಮೇಲ್ತುದಿಯ ಸುತ್ತಳತೆ ಕಂಕುಳ ಕಂಡಿಯ ಸುತ್ತಳತೆಗಿಂತ ಸ್ವಲ್ಪ ಹೆಚ್ಚಾಗಿಯೇ ಇರಬೇಕು. ಆ ಹೆಚ್ಚನ್ನು ಒಂದು ನೆರಿಗೆಯೂ ಕಾಣದಂತೆ ಹೊಲಿಗೆಯೊಳಗೆ ಅಡಗಿಸಬೇಕು. ನಮ್ಮ ಮನೆಗಳಲ್ಲಿ ರವಿಕೆ ಕಂಕುಳಲ್ಲಿ ಹಿಡಿಯುತ್ತದೆಂದು ಹೆಂಗಸರು ದೂರುವುದುಂಟು. ಅರೆಬರೆ ಕಲಿತ ದರ್ಜಿ ಕೂಡಲೆ ಕಂಡಿಯನ್ನು ಕೆಳಕ್ಕೆ ಕತ್ತರಿಸಿ ಅಗಲ ಮಾಡಿಕೊಡುತ್ತಾನೆ. ಮರುದಿನದಿಂದ ಕೈ ಎತ್ತಿದಾಗಲೆಲ್ಲ ರವಿಕೆ ಪೂರಾ ಮೇಲಕ್ಕೇಳುತ್ತದೆ. ಕಂಡಿ ಮೇಲಕ್ಕೆ, ಕಂಕುಳಿಗೆ ಹತ್ತಿರವಾಗಿದ್ದಷ್ಟೂ ಕೈ ಸಲೀಸಾಗಿ ಆಡುತ್ತದೆ, ಮೈಭಾಗ ಅಲುಗದೆ ನಿಲ್ಲುತ್ತದೆ. ಕಣ್ಣಿಗೆ ತೋರುವ ತರ್ಕ ಒಂದು, ಬಟ್ಟೆಯ ತರ್ಕ ಇನ್ನೊಂದು. ಯಾವ ಚಿತ್ರದಲ್ಲಿಯೂ ಇದು ಕಾಣುವಂತಿಲ್ಲ, ಏಕೆಂದರೆ ಚಿತ್ರದ ಹೆಣ್ಣು ಕೈ ಎತ್ತುವುದಿಲ್ಲ.

ತೋಳಿನ ಮಾತೆಂದರೆ ಕ್ರಿಸ್ತೋಬಾಲ್ ಬಾಲೆನ್ಸಿಯಾಗನನ್ನು ನೆನೆಯದೆ ಇರುವಂತಿಲ್ಲ. ಸ್ಪೇನಿನ ಬಾಸ್ಕ್ ಕರಾವಳಿಯ ಗೆಟಾರಿಯ ಎಂಬ ಬೆಸ್ತರ ಊರಿನಲ್ಲಿ 1895ರಲ್ಲಿ ಹುಟ್ಟಿದವನು. ತಾಯಿ ಹೊಲಿಗೆ ಮಾಡಿ ಸಂಸಾರ ಸಾಕಿದವಳು. ಅವಳ ಪಕ್ಕದಲ್ಲಿ ಕುಳಿತು ಸೂಜಿ ಹಿಡಿದ ಹುಡುಗ 1937ರಲ್ಲಿ ಪ್ಯಾರಿಸಿನಲ್ಲಿ ತನ್ನ ಮನೆ ತೆರೆದ. ಕತ್ತರಿಸುವುದು, ಜೋಡಿಸುವುದು, ಹೊಲಿಯುವುದು ಎಲ್ಲವೂ ಅವನಿಗೆ ಸ್ವಂತ ಕೈಯಲ್ಲಿ ಬರುತ್ತಿತ್ತು. ಮುಗಿದ ಉಡುಪಿನ ತೋಳು ಮನಸ್ಸಿಗೆ ಬರದಿದ್ದರೆ ಹರಿದು ಮತ್ತೆ ತಾನೇ ಕೂಡಿಸುತ್ತಿದ್ದನೆಂದು ಅವನೊಡನಿದ್ದವರು ಹೇಳುತ್ತಾರೆ. ನಮ್ಮಲ್ಲಿ ಉಡುಪನ್ನು ಪೂರ್ತಿ ಮಾಡಬಲ್ಲವನು ಅವನೊಬ್ಬನೇ, ಉಳಿದವರೆಲ್ಲ ಚಿತ್ರ ಬರೆಯುವವರು ಎಂಬರ್ಥದ ಮಾತನ್ನು ಶನೆಲ್ ಆಡಿದ್ದಳೆಂದು ಪ್ರಸಿದ್ಧಿ. ಶನೆಲ್ಲಳಿಗೆ ಚಿತ್ರ ಬರೆಯುವ ಅಭ್ಯಾಸವೇ ಇರಲಿಲ್ಲ. ಕತ್ತರಿ ಗುಂಡುಸೂಜಿ ಹಿಡಿದು ನೇರವಾಗಿ ಮೈಮೇಲೆ ಕೆಲಸ ಮಾಡುತ್ತಿದ್ದಳು. ಮದ್ಲೆನ್ ವಿಯೊನೆ ಎಂಬಾಕೆಯದೂ ಹೀಗೆಯೇ. ಹನ್ನೆರಡು ತುಂಬುವ ಮೊದಲೇ ಹೊಲಿಗೆಗೆ ಕುಳಿತವಳು. ಮರದ ಸಣ್ಣ ಬೊಂಬೆಯ ಮೇಲೆ ಬಟ್ಟೆ ಸುತ್ತಿ ಸುತ್ತಿ ನೋಡಿ ಉಡುಪು ಕಂಡುಕೊಳ್ಳುತ್ತಿದ್ದಳು. ನಮ್ಮ ದರ್ಜಿಗಳು ಕ್ರಾಸ್ ಕಟಿಂಗ್ ಎನ್ನುತ್ತಾರಲ್ಲ, ಹಾಸು ಹೊಕ್ಕುಗಳಿಗೆ ಓರೆಯಾಗಿ ಕತ್ತರಿಸುವುದು, ಅದರಿಂದ ಇಡೀ ಉಡುಪನ್ನೇ ಎಬ್ಬಿಸಬಹುದೆಂದು ತೋರಿಸಿಕೊಟ್ಟವಳು ಆಕೆ. ಉಡುಪಿನ ಪಟ್ಟಿಯಲ್ಲಿ ಹೆಸರಿನೊಡನೆ ತನ್ನ ಹೆಬ್ಬೆಟ್ಟಿನ ಗುರುತನ್ನೂ ಒತ್ತುತ್ತಿದ್ದಳು. ಕೆಲಸದವರಿಗೆ ಸಂಬಳಸಹಿತ ರಜೆಯನ್ನು ಕಾನೂನು ಕೇಳುವ ಮೊದಲೇ ಕೊಟ್ಟಳು. ಹೆಬ್ಬೆಟ್ಟಿಗೂ ರಜೆಗೂ ಸಂಬಂಧವಿದೆಯೆಂದು ನನಗೆ ತೋರುತ್ತದೆ.

ಇಷ್ಟು ಹೇಳಿದಾಗ ವಾಚಕರು, ಸರಿ, ಹಾಗಾದರೆ ಹೊಲಿಯಬಲ್ಲವರನ್ನೇ ತೆಗೆದುಕೊಂಡರಾಯಿತು ಎಂದಾರು. ಅಷ್ಟು ಸುಲಭವಾಗಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ. ಬಾಲೆನ್ಸಿಯಾಗನ ಸಮಕಾಲೀನ ಕ್ರಿಸ್ತಿಯಾನ್ ದಿಯೋರ್ ಹೊಲಿಗೆಯಿಂದ ಬಂದವನಲ್ಲ. ಅನುಕೂಲಸ್ಥರ ಮನೆಯ ಮಗ, ಚಿತ್ರಶಾಲೆ ನಡೆಸಿದವನು. ಮನೆತನ ಮುಳುಗಿದ ಮೇಲೆ ಟೋಪಿ ಉಡುಪುಗಳ ಚಿತ್ರ ಬರೆದು ಮಾರಿ ಹೊಟ್ಟೆ ಹೊರೆದವನು. 1947ರ ಫೆಬ್ರವರಿ 12ರಂದು ಅವನ ಮೊದಲ ಪ್ರದರ್ಶನ ಲೋಕದ ಹೆಂಗಸರ ಉಡುಪನ್ನೇ ಬದಲಾಯಿಸಿತು. ಅವನು ಹಾಳೆ ಹಾಳೆ ಚಿತ್ರ ಬರೆಯುತ್ತಿದ್ದ. ಆ ಚಿತ್ರಗಳನ್ನು ಬಟ್ಟೆಯ ಭಾಷೆಗೆ ತಿರುಗಿಸುತ್ತಿದ್ದವಳು ಮಾರ್ಗರೀತ್ ಕಾರೆ. ಬೇರೊಂದು ಮನೆಯಿಂದ ತನ್ನ ಹೊಲಿಗೆಯವರನ್ನು ಕರೆದುಕೊಂಡು ಬಂದು ದಿಯೋರನ ಕಾರ್ಯಾಗಾರಗಳನ್ನು ಕಟ್ಟಿದವಳು. ಅವಳಿಗೆ ತಾನೆಷ್ಟು ಋಣಿಯೆಂಬುದನ್ನು ದಿಯೋರ್ ತನ್ನ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ಇವರಿಬ್ಬರೂ, ಬಾಲೆನ್ಸಿಯಾಗ ಮತ್ತು ದಿಯೋರ್, ಅರ್ಜಿ ಹಿಡಿದು ನಮ್ಮ ಅಂಗಡಿಗೆ ಬಂದಿದ್ದರೆ ನಾನು ಚಿತ್ರ ನೋಡಿ ದಿಯೋರನನ್ನು ಆರಿಸುತ್ತಿದ್ದೆ. ತಪ್ಪೂ ಆಗುತ್ತಿರಲಿಲ್ಲ. ಆದರೆ ಸರಿಯಾದದ್ದು ನನ್ನ ಜಾಣತನದಿಂದ ಎನ್ನುವ ಹಾಗಿಲ್ಲ.

ಚಿತ್ರ ನೋಡಿಯೇ ಆರಿಸಿ ಗೆದ್ದದ್ದೂ ಉಂಟು. 1955ರಲ್ಲಿ ಈವ್ ಸಾಂ ಲೋರಾಂ ಎಂಬ ಹುಡುಗನ ಚಿತ್ರಗಳನ್ನು ಕಂಡು ದಿಯೋರ್ ಅವನನ್ನು ಸೇರಿಸಿಕೊಂಡ. ಎರಡೇ ವರ್ಷದಲ್ಲಿ ದಿಯೋರ್ ತೀರಿಕೊಂಡಾಗ ಇಪ್ಪತ್ತೊಂದು ವರ್ಷದ ಆ ಹುಡುಗ ಇಡೀ ಮನೆಯನ್ನು ಹೊತ್ತ. ಕೈಯ ವಿದ್ಯೆ ಪೂರಾ ಇದ್ದೂ ಎಡವಿದ್ದೂ ಉಂಟು. ಲಂಡನ್ನಿನ ಅಲೆಕ್ಸಾಂಡರ್ ಮೆಕ್ವೀನ್ ಹದಿನಾರಕ್ಕೆ ಶಾಲೆ ಬಿಟ್ಟು ಸ್ಯಾವಿಲ್ ರೋ ಬೀದಿಯ ಹೆಸರಾಂತ ದರ್ಜಿಗಳ ಕೈಕೆಳಗೆ ಕೋಟು ಹೊಲಿದು ಪಳಗಿದವನು. ಅಲ್ಲಿಯ ಸೇಂಟ್ ಮಾರ್ಟಿನ್ಸ್ ಕಲಾಶಾಲೆಗೆ ಕತ್ತರಿಕೆ ಕಲಿಸುವ ಕೆಲಸ ಕೇಳಲು ಹೋದಾಗ ಅವರು ಅವನನ್ನು ವಿದ್ಯಾರ್ಥಿಯಾಗಿ ಸೇರಿಸಿಕೊಂಡರು. ಆರಿಸುವವರ ಕಣ್ಣು ಎಂದರೆ ಅದು. ಆದರೆ 1996ರಲ್ಲಿ ಪ್ಯಾರಿಸಿನ ಜಿವಾಂಶಿ ಮನೆ ಅವನನ್ನು ಕರೆದುಕೊಂಡಾಗ, ಮರುವರ್ಷ ಜನವರಿಯಲ್ಲಿ ಅವನು ತೋರಿಸಿದ ಮೊದಲ ಉಡುಪುಗಳು ವಿಮರ್ಶಕರಿಗೆ ರುಚಿಸಲಿಲ್ಲ. ಆದ್ದರಿಂದ ಸೂಜಿ ಹಿಡಿಯಬಲ್ಲನೆ ಎಂಬುದೊಂದೇ ಪರೀಕ್ಷೆಯಾಗಲಾರದು.

ಹಾಗಾದರೆ ಏನನ್ನು ಪರೀಕ್ಷಿಸಬೇಕು, ಯಾರು ಪರೀಕ್ಷಿಸಬೇಕು? ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಕೊನೆಯ ಭಾಗದಲ್ಲಿ ಒಂದು ವಿಚಾರ ಎತ್ತುತ್ತಾನೆ. ಯಾವುದೇ ವಸ್ತುವಿಗೆ ಸಂಬಂಧಿಸಿ ಮೂರು ವಿದ್ಯೆಗಳಿವೆಯಂತೆ: ಬಳಸುವವನದು, ಮಾಡುವವನದು, ಅದರ ಚಿತ್ರ ಬರೆಯುವವನದು. ಕೊಳಲು ಚೆನ್ನಾಗಿದೆಯೆ ಎಂಬುದು ನುಡಿಸುವವನಿಗೆ ಗೊತ್ತು. ಮಾಡುವವನು ಅವನ ಮಾತು ಕೇಳಿ ಸರಿಯಾಗಿ ಮಾಡುತ್ತಾನೆ. ಚಿತ್ರ ಬರೆಯುವವನಿಗೆ ಎರಡೂ ಗೊತ್ತಿಲ್ಲ. ಅರಿಸ್ಟಾಟಲನೂ ಒಂದೆಡೆ, ಅಡಿಗೆಯ ಗುಣ ಅಡಿಗೆಯವನಿಗಿಂತ ಉಣ್ಣುವವನಿಗೆ ಹೆಚ್ಚು ಗೊತ್ತು ಎಂಬ ಅಭಿಪ್ರಾಯ ಕೊಟ್ಟಿದ್ದಾನೆ. ಈ ಲೆಕ್ಕದಲ್ಲಿ ಉಡುಪಿಗೆ ತೀರ್ಪುಗಾರಳು ತೊಟ್ಟವಳು, ಅವಳ ನಂತರ ಹೊಲಿದವಳು. ಚಿತ್ರ ಬರೆದವನು ಮೂರನೆಯವನು. ನಾನು? ಚಿತ್ರವನ್ನು ನೋಡಿದವನು, ನಾಲ್ಕನೆಯವನು. ಆ ದಿನ ಕೋಣೆಯಲ್ಲಿ ಮೇಜಿನ ಈಚೆ ಕುಳಿತಿದ್ದವರಲ್ಲಿ ಅಂಥ ಉಡುಪನ್ನು ತೊಡುವವರೂ ಇರಲಿಲ್ಲ, ಹೊಲಿಯುವವರೂ ಇರಲಿಲ್ಲ. ಎರಡನೆಯ ವಿದ್ಯೆಯವರು ದಾರ ಕೇಳಲು ಬಂದು ಹೋದರು.

ಆದರೂ ಪ್ಲೇಟೋ ಡಿಸೈನರನನ್ನು ಪೂರ್ತಿ ಅಳೆದನೆಂದು ನನಗನ್ನಿಸುವುದಿಲ್ಲ. ಅವನ ಚಿತ್ರಕಾರ ಇರುವ ಮಂಚವನ್ನು ನೋಡಿ ಮಂಚದ ಚಿತ್ರ ಬರೆದು ಮನೆಗೆ ಹೋಗುತ್ತಾನೆ. ಅವನ ಚಿತ್ರದಿಂದ ಯಾವ ಬಡಗಿಯ ಮೈಯೂ ನೋಯುವುದಿಲ್ಲ. ಡಿಸೈನರನ ಚಿತ್ರ ಹಾಗಲ್ಲ, ಅದೊಂದು ಅಪ್ಪಣೆ. ಅವನು ಎರಡು ಗಳಿಗೆಯಲ್ಲಿ ಎಳೆದ ಒಂದು ಗೀಟಿಗೆ ಇನ್ನೊಬ್ಬರ ಎರಡು ವಾರದ ಕಣ್ಣು, ಬೆನ್ನು, ಬೆರಳು ಒಪ್ಪಿಸಬೇಕಾಗುತ್ತದೆ. ಇದೇ ಈ ಉದ್ಯೋಗದ ನೀತಿಯ ಗಂಟು ಎಂದು ನನ್ನ ತಿಳಿವಳಿಕೆ. ಕೆಲಸಕ್ಕೆ ತೆಗೆದುಕೊಳ್ಳುವವರು ಒಬ್ಬನ ಕಲ್ಪನೆಗೆ ಸಂಬಳ ಗೊತ್ತುಮಾಡುತ್ತೇವೆಂದು ತಿಳಿಯುತ್ತಾರೆ. ಮಾಡುವುದು ಹನ್ನೆರಡು ಜನರ ಕೈಗಳನ್ನು ಅವನ ವಶಕ್ಕೆ ಒಪ್ಪಿಸುವ ಕೆಲಸ. ಅವನಿಗೆ ಹೊಲಿಗೆ ಬರುತ್ತದೆಯೆ ಎಂಬುದಕ್ಕಿಂತ, ತಾನು ಕೇಳುತ್ತಿರುವುದರ ಬೆಲೆ ಗೊತ್ತೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಗೊತ್ತೆ ಎಂಬುದನ್ನು ನೋಡಬೇಕು. ದಿಯೋರನಿಗೆ ಅದು ಗೊತ್ತಿತ್ತು. ಆದ್ದರಿಂದಲೇ ಮಾರ್ಗರೀತ್ ಕಾರೆಯನ್ನು ಹುಡುಕಿಕೊಂಡ.

ಅದೇ ಮನೆಗೆ 2012ರಲ್ಲಿ ರಾಫ್ ಸೀಮೊನ್ಸ್ ಎಂಬ ಬೆಲ್ಜಿಯಮಿನವನು ಬಂದ. ಓದಿದ್ದು ಕೈಗಾರಿಕಾ ವಿನ್ಯಾಸ, ಓತ್ ಕುತ್ಯೂರ್ ಕೆಲಸ ಅದುವರೆಗೆ ಮಾಡಿರಲಿಲ್ಲ. ಮೊದಲ ಪ್ರದರ್ಶನಕ್ಕೆ ಸಿಕ್ಕಿದ್ದು ಎಂಟು ವಾರ. ಆ ಎಂಟು ವಾರಗಳನ್ನು ತೆಗೆದ ಸಾಕ್ಷ್ಯಚಿತ್ರವೊಂದಿದೆ, 2014ರದು. ಅದರಲ್ಲಿ ಒಂದು ಪ್ರಸಂಗ. ಸೀಮೊನ್ಸ್ ಉಡುಪುಗಳನ್ನು ನೋಡಲು ಕಾದಿದ್ದಾನೆ. ಕಾರ್ಯಾಗಾರದ ಮುಖ್ಯಸ್ಥೆ ಇಲ್ಲ. ಒಬ್ಬ ಗಿರಾಕಿಯ ಟ್ರಯಲ್ ನೋಡಲು ನ್ಯೂಯಾರ್ಕಿಗೆ ಹೋಗಿದ್ದಾಳೆ. ಅವನಿಗೆ ಸಿಟ್ಟು ಬರುತ್ತದೆ. ನನಗೆ ಆ ಸಿಟ್ಟಿಗಿಂತ ಆಕೆ ಹೋದದ್ದು ಮುಖ್ಯವಾಗಿ ಕಂಡಿತು. ತೊಡುವವಳಿಗೆ ಉತ್ತರ ಹೇಳಬೇಕಾದವಳು ತಾನೆಂದು ಆಕೆಗೆ ಗೊತ್ತಿತ್ತು. ಅದೇ ಚಿತ್ರದಲ್ಲಿ ಅವನು ಒಬ್ಬ ಕಲಾವಿದನ ವರ್ಣಚಿತ್ರಗಳನ್ನು ಬಟ್ಟೆಯಲ್ಲಿ ಬೇಕೆನ್ನುತ್ತಾನೆ. ಮೊದಲು ಹಾಸಿನ ನೂಲಿಗೆ ಬಣ್ಣ ಅಚ್ಚೊತ್ತಿ ಆಮೇಲೆ ನೇಯುವ ಹಳೆಯ ವಿಧಾನದಿಂದ ಅದನ್ನು ಸಾಧಿಸಿಕೊಡುತ್ತಾರೆ. ಹಾಗೆ ಮಾಡಬಲ್ಲವರು ಇದ್ದುದರಿಂದ ಅವನು ಕೇಳಬಲ್ಲವನಾದ. ಈಗ ಆ ಮನೆಗಳ ಕಸೂತಿಯಲ್ಲಿ ಒಂದು ಪಾಲು ನಮ್ಮ ಮುಂಬಯಿಯ ಕಾರ್ಖಾನೆಗಳಲ್ಲಿ ನಡೆಯುತ್ತದೆ. 2023ರ ಮಾರ್ಚಿನಲ್ಲಿ ದಿಯೋರ್ ಮನೆಯವರು ಗೇಟ್‌ವೇ ಆಫ್ ಇಂಡಿಯಾದ ಮುಂದೆಯೇ ಪ್ರದರ್ಶನ ನಡೆಸಿ, ಚಾಣಕ್ಯ ಎಂಬ ಅಲ್ಲಿಯ ಕಸೂತಿ ಸಂಸ್ಥೆಯೊಡನೆ ತಮಗಿರುವ ನಂಟನ್ನು ಬಹಿರಂಗವಾಗಿ ಸಾರಿದರು. ಪಟ್ಟಿಯ ಮೇಲೆ ಹೆಸರಿಲ್ಲದಿದ್ದರೂ ಅಷ್ಟಾದರೂ ಆಯಿತು.

ನಮ್ಮ ತರುಣನ ಕಥೆಗೆ ಬರುತ್ತೇನೆ. ಅವನು ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಒಂದು ಮದುವೆಗೆ ಲೆಹೆಂಗದ ಚಿತ್ರ ಬರೆದ. ತೆಳುವಾದ ಜಾರ್ಜೆಟ್ಟು, ಪೂರಾ ಕ್ರಾಸ್ ಕಟಿಂಗು, ಕೆಳ ಅಂಚಿನಲ್ಲಿ ಒಂದು ಗೇಣಗಲ ಜರಿಯ ಭಾರವಾದ ಕೆಲಸ. ಓರೆಯಾಗಿ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೇ ಜಗ್ಗುತ್ತದೆ, ಎಲ್ಲ ಕಡೆಯೂ ಒಂದೇ ಸಮನಾಗಿ ಜಗ್ಗುವುದೂ ಇಲ್ಲ. ಕತ್ತರಿಸಿ ಎರಡು ದಿನ ತೂಗುಹಾಕಿ, ಜಗ್ಗುವಷ್ಟು ಜಗ್ಗಿದ ಮೇಲೆ ಅಂಚು ಕಟ್ಟಬೇಕು, ಜರಿ ಹಗುರ ಮಾಡಬೇಕು ಎಂದು ಮಾಸ್ಟರು ಹೇಳಿದರಂತೆ. ಚಿತ್ರದಲ್ಲಿ ಇದ್ದಂತೆಯೇ ಆಗಬೇಕೆಂದು ಇವನು ಹೇಳಿದನಂತೆ. ದಿನವೂ ಉಳಿದಿರಲಿಲ್ಲ. ಮದುವೆಯ ಹಿಂದಿನ ದಿನ ನೋಡಿದರೆ ಅಂಚು ಒಂದು ಕಡೆ ನಾಲ್ಕು ಬೆರಳು ಇಳಿದಿತ್ತು. ಜರಿಯನ್ನು ಬಿಚ್ಚಿ ಮತ್ತೆ ಕೂಡಿಸಲು ಆರು ಮಂದಿ ರಾತ್ರಿಯೆಲ್ಲ ಕುಳಿತರು. ಉಡುಪು ಹೋಯಿತು, ಆದರೆ ಗಿರಾಕಿಗಳು ಹಣದಲ್ಲಿ ಹಿಡಿದುಕೊಂಡರು. ಆ ನಷ್ಟದಲ್ಲಿ ಒಂದು ಪಾಲನ್ನು ಮಾಸ್ಟರ ಸಂಬಳದಿಂದ ಮುರಿದರು, ಕತ್ತರಿಸಿದವರು ಅವರಲ್ಲವೆ ಎಂಬ ಲೆಕ್ಕದಲ್ಲಿ. ಮುಂದಿನ ತಿಂಗಳು ಅವರು ಕೆಲಸ ಬಿಟ್ಟರು.

ಮಿತ್ರರ ಮಗಳು ಇದನ್ನೆಲ್ಲ ನನಗೆ ಹೇಳುವಾಗ ಬೇಸರದಲ್ಲಿದ್ದಳು. “ಮಾಸ್ಟರಿಗೆ ಹೊಸದು ಅಂದರೆ ಆಗಲ್ಲ ಮಾಮ” ಎಂದಳು. ನಾನು ಏನಾದರೂ ಹೇಳಬಹುದಾಗಿತ್ತು. ಅವರನ್ನು ಆ ದಿನವೇ ಒಂದು ಮಾತು ಕೇಳಿದ್ದರೆ ಎನ್ನಬಹುದಾಗಿತ್ತು. ಆರಿಸಿದವನು ನಾನೆಂಬುದು ನಾಲಿಗೆಯನ್ನು ಹಿಡಿಯಿತು. ಕಾಫಿ ಕುಡಿದು ಬಂದೆ.

ಮಾಸ್ಟರು ಈಗ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಒಂದೇ ಮಿಷನ್ನಿನ ಅಂಗಡಿ ಇಟ್ಟಿದ್ದಾರೆ. ಕಳೆದ ಚಳಿಗಾಲದಲ್ಲಿ ಹುಡುಕಿಕೊಂಡು ಹೋದೆ. ಹೋಗುವುದಕ್ಕೆ ಒಂದು ನೆಪ ಬೇಕಾಗಿದ್ದರಿಂದ ತೋಳು ಹಿಡಿಯುವ ನನ್ನ ಹಳೆಯ ಕೋಟನ್ನೂ ಒಯ್ದೆ. ಗುರುತು ಹಿಡಿದು “ಬನ್ನಿ ಸಾರ್” ಎಂದು ಸ್ಟೂಲು ಹಾಕಿದರು. ಸಂಬಳದ ಮಾತನ್ನು ಅವರು ತೆಗೆಯಲಿಲ್ಲ, ನನಗೆ ತೆಗೆಯುವ ಧೈರ್ಯವಾಗಲಿಲ್ಲ. ಕೊನೆಗೆ, ಆ ದಿನ ಆ ಕೋರಾ ಜಾಕೀಟಿನ ಒಳಗೆ ಏನು ನೋಡಿದಿರಿ ಎಂದು ಕೇಳಿದೆ. ಅವರಿಗೆ ನೆನಪಿತ್ತು.

“ತೋಳು ಚೆನ್ನಾಗಿ ಕೂತಿತ್ತು ಸಾರ್. ಅದು ನನಗೂ ಬರುತ್ತೆ. ಒಳಗಡೆ ಬಟ್ಟೆ ಬಿಟ್ಟಿದ್ದರು, ಪಕ್ಕದ ಹೊಲಿಗೇಲಿ ಒಂದೂವರೆ ಇಂಚು. ನಾವೆಲ್ಲ ಬಟ್ಟೆ ಉಳಿಸೋಕೆ ಅರ್ಧ ಇಂಚು ಬಿಟ್ಟು ಕತ್ತರಿಸಿಬಿಡ್ತೀವಿ. ಆಯಮ್ಮ, ಹಾಕ್ಕೊಳ್ಳೋರು ನಾಳೆ ದಪ್ಪ ಆದರೆ, ಮಗು ಆದರೆ, ಬಿಚ್ಚಿ ದೊಡ್ಡದು ಮಾಡೋನಿಗೆ ಅಂತ ಬಿಟ್ಟಿದ್ದರು. ಬರೀ ಮಾದರೀಲಿ ಸಾರ್, ಯಾರೂ ಹಾಕ್ಕೊಳ್ಳದೇ ಇರೋದರಲ್ಲಿ.”

ಆಕೆ ಈಗ ಎಲ್ಲಿ ಕೆಲಸ ಮಾಡುತ್ತಾಳೆಂದು ಅವರಿಗೆ ಗೊತ್ತಿರಲಿಲ್ಲ. ಆ ದಿನದ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ನಾನೇ ಅಂಕ ಹಾಕಿದ್ದೆ. ನನಗೂ ಹೆಸರು ನೆನಪಿರಲಿಲ್ಲ. ಮಾಸ್ಟರು ನನ್ನ ಕೋಟನ್ನು ಒಳಹೊರಗೆ ಮಾಡಿ, ಕಂಕುಳ ಹತ್ತಿರ ಬೆರಳಿಟ್ಟು ನೋಡಿ, ಇದರಲ್ಲಿ ಬಟ್ಟೆಯೇ ಬಿಟ್ಟಿಲ್ಲ, ಆದಷ್ಟು ಮಾಡುತ್ತೇನೆ, ಗುರುವಾರ ಬನ್ನಿ ಎಂದರು.